ಆ 14 ರೂಪಾಯಿ ಯಾರದ್ದು?

1/8

ಮೊದಲ ಫೋಟೋದಲ್ಲಿರೋದು ನಮ್ಮ ಹಾಸ್ಟೆಲ್‌ನ ಕೇರಂ ಬೋರ್ಡ್. ಒಂದು ಮೂಲೆಯ ಬಲೆ ಹರಿದಿದೆ, ಅದರ ಕೆಳಗೆ ಯಾರದೋ ಟೋಪಿ ಇಟ್ಟಿದ್ದೀವಿ. ಹೋದ ಶನಿವಾರ ರಾತ್ರಿ ಇದರ ಮೇಲೆ ನನ್ನ ರೂಮ್‌ಮೇಟಿಗೂ ಪಕ್ಕದ ರೂಮಿನವನಿಗೂ ಪಂದ್ಯ ನಡೀತು. ತಲಾ 80 ರೂಪಾಯಿ, ಒಟ್ಟು 160. ಮೊದಲು 3 ಗೇಮ್ ಗೆದ್ದವನಿಗೆ ಪೂರ್ತಿ ದುಡ್ಡು. ರೂಮ್‌ಮೇಟ್ ಮೊದಲ ಗೇಮ್ ಗೆದ್ದ, 1-0. ಎರಡನೆಯದಕ್ಕೆ ಕಾಯಿ ಜೋಡಿಸ್ತಾ ಇದ್ದ ಹಾಗೇ ಕರೆಂಟ್ ಹೋಯ್ತು. ಮತ್ತೆ ಬರಲೇ ಇಲ್ಲ. ಬೆಳಿಗ್ಗೆ ಪಕ್ಕದವನು ಊರಿಗೆ ಹೊರಡಬೇಕಿತ್ತು.

ದುಡ್ಡು ಹಂಚೋದು ಹೇಗೆ? ರೂಮ್‌ಮೇಟ್ ಹೇಳಿದ, “ನಾನು ಗೆದ್ದಿದ್ದೀನಿ, ನೀನು ಸೊನ್ನೆ. ಎಲ್ಲಾ ನಂದೇ.” ಪಕ್ಕದವನು, “ಪಂದ್ಯವೇ ಮುಗಿದಿಲ್ಲ ಮಾರಾಯ, ಅವರವರ 80 ಅವರವರಿಗೆ.” ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದ್ರು. ನಾನು ಗಣಿತದವನು ಅಂತ ಹೆಸರಿದೆಯಲ್ಲ.

ನಾನು ಮೊಬೈಲ್ ಟಾರ್ಚ್ ಹಾಕ್ಕೊಂಡು ಬರೆದೆ. ರೂಮ್‌ಮೇಟಿಗೆ ಇನ್ನು 2 ಗೆಲುವು ಬೇಕು, ಪಕ್ಕದವನಿಗೆ 3. ಇಬ್ಬರೂ ಸಮಬಲರು ಅಂತ ಇಟ್ಟುಕೊಂಡೆ. ರೂಮ್‌ಮೇಟ್ ಗೆದ್ದರೆ ‘ರ’, ಪಕ್ಕದವನು ಗೆದ್ದರೆ ‘ಪ’. ಪಂದ್ಯ ಮುಗಿಯಬಹುದಾದ ದಾರಿಗಳು ಇಷ್ಟು. ರೂಮ್‌ಮೇಟ್ ಗೆಲ್ಲುವವು: ರರ, ರಪರ, ಪರರ, ರಪಪರ, ಪರಪರ, ಪಪರರ. ಪಕ್ಕದವನು ಗೆಲ್ಲುವವು: ಪಪಪ, ರಪಪಪ, ಪರಪಪ, ಪಪರಪ. ಒಟ್ಟು 10 ದಾರಿ, ಅದರಲ್ಲಿ 6 ರೂಮ್‌ಮೇಟಿನವು. ಹಾಗಾಗಿ 160ರಲ್ಲಿ ಅವನಿಗೆ 96, ಇವನಿಗೆ 64. ಇಬ್ಬರೂ ಒಪ್ಪಿದ್ರು. ನಾನು ತೀರ್ಪು ಕೊಟ್ಟ ಖುಷಿಯಲ್ಲಿ ಮಲಗಿದೆ.

ಆ ತೀರ್ಪು ತಪ್ಪು. ಎಲ್ಲಿ ತಪ್ಪು ಅಂತ ಸ್ವೈಪ್ ಮಾಡೋ ಮೊದಲು ಒಂದು ನಿಮಿಷ ಯೋಚಿಸಿ. ನಿಮಗೂ ಸರಿ ಅನ್ನಿಸ್ತಿದ್ರೆ ನಾಚಿಕೆ ಬೇಡ. ನಮ್ಮ ಜೊತೆ ತುಂಬಾ ದೊಡ್ಡವರು ಕೂತಿದ್ದಾರೆ.

2/8

ಈ ಜಗಳ ನಮ್ಮ ಹಾಸ್ಟೆಲ್‌ನಲ್ಲಿ ಹುಟ್ಟಿದ್ದಲ್ಲ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲುಕಾ ಪಾಚೋಲಿಯ ದೊಡ್ಡ ಗಣಿತ ಪುಸ್ತಕದಲ್ಲಿ ಇದೇ ಲೆಕ್ಕ ಇದೆ. 60 ಅಂಕಕ್ಕೆ ಮುಗಿಯುವ ಚೆಂಡಾಟ, ಒಂದು ಕಡೆಯವರಿಗೆ 50, ಇನ್ನೊಂದು ಕಡೆಯವರಿಗೆ 20 ಆಗಿದ್ದಾಗ ಆಟ ನಿಂತುಹೋಯ್ತು. ಪಣದ ಹಣ ಹಂಚೋದು ಹೇಗೆ? ಪಾಚೋಲಿ ಹೇಳಿದ್ದು, ಗಳಿಸಿದ ಅಂಕದ ಪ್ರಕಾರ, ಅಂದ್ರೆ 5ಕ್ಕೆ 2.

ಕೇಳೋಕೆ ನ್ಯಾಯವಾಗೇ ಇದೆ. ಆದ್ರೆ 1556ರಲ್ಲಿ ತಾರ್ತಾಲ್ಯ ಇದನ್ನ ಹಿಡಿದು ಜಗ್ಗಿದ. ಒಂದು ಕಡೆ 10 ಅಂಕ, ಇನ್ನೊಂದು ಕಡೆ ಸೊನ್ನೆ ಇದ್ದಾಗ ಆಟ ನಿಂತರೆ? ಪಾಚೋಲಿ ಲೆಕ್ಕದಲ್ಲಿ ಹಣ ಪೂರ್ತಿ ಮೊದಲನೆಯವರಿಗೆ ಹೋಗುತ್ತೆ, 60ರಲ್ಲಿ ಬರೀ 10 ಗಳಿಸಿ! (ನನ್ನ ರೂಮ್‌ಮೇಟ್ ವಾದ ನೆನಪಾಯ್ತಾ? ಅವನು ಪಾಚೋಲಿ ಪಕ್ಷ, ಅವನಿಗೇ ಗೊತ್ತಿಲ್ಲ.) ತಾರ್ತಾಲ್ಯ ತನ್ನದೇ ಒಂದು ಹಂಚಿಕೆ ಕೊಟ್ಟ, ಆದ್ರೆ ಇದು ಗಣಿತಕ್ಕಿಂತ ನ್ಯಾಯಾಲಯಕ್ಕೆ ಸೇರಿದ ಪ್ರಶ್ನೆ ಅಂತಲೂ ಹೇಳಿಬಿಟ್ಟ.

ಇಬ್ಬರೂ ನೋಡಿದ್ದು ಆಗಿಹೋದ ಆಟವನ್ನ. ಇನ್ನೂ ಆಗದ ಆಟವನ್ನ ಎಣಿಸಬೇಕು ಅಂತ ಹೊಳೆಯೋಕೆ ಮತ್ತೆ 98 ವರ್ಷ ಬೇಕಾಯ್ತು.

3/8

1654. ಪ್ಯಾರಿಸ್‌ನಲ್ಲಿ ಬ್ಲೇಸ್ ಪಾಸ್ಕಲ್, ವಯಸ್ಸು 31. ದೂರದ ಟೂಲೂಸ್‌ನಲ್ಲಿ ಪಿಯರ್ ದ ಫರ್ಮಾ, ಹೊಟ್ಟೆಪಾಡಿಗೆ ನ್ಯಾಯಾಲಯದ ಕೆಲಸ, ಬಿಡುವಿನಲ್ಲಿ ಗಣಿತ. ಆ ವರ್ಷ ಇಬ್ಬರ ನಡುವೆ ಓಡಾಡಿದ ಪತ್ರಗಳಲ್ಲೇ ಸಂಭವನೀಯತೆಯ ಗಣಿತ ಶುರುವಾಗಿದ್ದು ಅಂತ ಸಾಮಾನ್ಯವಾಗಿ ಹೇಳ್ತಾರೆ. ಆಗಸ್ಟ್ 24ರ ಪತ್ರದಲ್ಲಿ ಪಾಸ್ಕಲ್ ಚರ್ಚಿಸುವ ಉದಾಹರಣೆ ನೋಡಿ ನಾನು ಬೆಚ್ಚಿಬಿದ್ದೆ. ಒಬ್ಬನಿಗೆ ಇನ್ನು 2 ಗೆಲುವು ಬೇಕು, ಇನ್ನೊಬ್ಬನಿಗೆ 3. ನಮ್ಮ ಕೇರಂ ಪಂದ್ಯವೇ!

ಫರ್ಮಾನ ದಾರಿ ಹೀಗೆ. ಹೆಚ್ಚೆಂದರೆ ಇನ್ನು 4 ಗೇಮ್‌ನಲ್ಲಿ ಪಂದ್ಯ ಮುಗಿಯಲೇಬೇಕು. ಹಾಗಾದ್ರೆ 4 ಗೇಮನ್ನೂ ಆಡಿಯೇಬಿಟ್ಟರು ಅಂತ ಇಟ್ಟುಕೊಳ್ಳಿ, ಮಧ್ಯದಲ್ಲೇ ಯಾರೋ ಗೆದ್ದರೂ ಪರವಾಗಿಲ್ಲ. ಪ್ರತಿ ಗೇಮಿಗೆ ಎರಡು ಫಲಿತಾಂಶ, ಒಟ್ಟು 2×2×2×2 = 16. ಅದರಲ್ಲಿ ಎರಡು ಅಥವಾ ಹೆಚ್ಚು ‘ರ’ ಇರುವವು 11. ಮಿಕ್ಕ 5 ‘ಪ’ನವು. ಹಂಚಿಕೆ 11ಕ್ಕೆ 5.

ಹೈಸ್ಕೂಲಿನ ಕನ್ನಡ ಪೀರಿಯಡ್ ನೆನಪಿಸಿಕೊಳ್ಳಿ. ಯಮಾತಾರಾಜಭಾನಸಲಗಂ. ಮೂರು ಅಕ್ಷರದ ಗಣಗಳು 8 ಯಾಕೆ? ಪ್ರತಿ ಅಕ್ಷರ ಲಘು ಅಥವಾ ಗುರು, 2×2×2. ನಾಲ್ಕು ಅಕ್ಷರಕ್ಕೆ ಪ್ರಸ್ತಾರ ಹಾಕಿದ್ರೆ 16 ಸಾಲು. ಫರ್ಮಾ ಎಣಿಸಿದ್ದು ಅದೇ 16. ಅದರಲ್ಲಿ ಗುರು ಒಂದೂ ಇಲ್ಲದ್ದು 1, ಒಂದು ಗುರು ಇರೋದು 4, ಎರಡು 6, ಮೂರು 4, ನಾಲ್ಕು 1. ಈ 1, 4, 6, 4, 1 ಸಾಲನ್ನ ಈಗ ಪಾಸ್ಕಲ್ ತ್ರಿಕೋನದಲ್ಲಿ ಓದ್ತೀವಿ. ಪಿಂಗಳನ ಛಂದಃಶಾಸ್ತ್ರಕ್ಕೆ 10ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಇದನ್ನ ಮೇರು ಪ್ರಸ್ತಾರ ಅಂತ ಕಟ್ಟಿ ತೋರಿಸಿದ್ದಾನೆ. ಅವನಿಗೆ ಬೇಕಿದ್ದದ್ದು ವೃತ್ತಗಳ ಲೆಕ್ಕ. ಜೂಜಿನ ದುಡ್ಡು ಹಂಚೋಕೆ ಇದೇ ಸಾಲು ಬರುತ್ತೆ ಅಂತ ಯಾರಿಗೆ ಗೊತ್ತಿತ್ತು.

ಸರಿ, 16ರಲ್ಲಿ 11. ಅಂದ್ರೆ ರೂಮ್‌ಮೇಟಿಗೆ 160ರಲ್ಲಿ 110 ಬರಬೇಕಿತ್ತು. ನಾನು ಕೊಟ್ಟಿದ್ದು 96. 14 ರೂಪಾಯಿ ಖೋತಾ.

ಆದ್ರೆ ನನ್ನ ಎಣಿಕೆ ತಪ್ಪು ಯಾಕೆ? ಇದೇ ಪ್ರಶ್ನೆಯನ್ನ ಪ್ಯಾರಿಸ್‌ನ ಗಣಿತಜ್ಞ ರೊಬೆರ್ವಾಲ್ ಎತ್ತಿದ್ದ, ಪಾಸ್ಕಲ್ ಅದನ್ನ ಪತ್ರದಲ್ಲಿ ಬರೆದಿದ್ದಾನೆ. ಪಂದ್ಯ ಎರಡೇ ಗೇಮ್‌ನಲ್ಲಿ ಮುಗಿಯಬಹುದು, ಮೂರರಲ್ಲಿ ಮುಗಿಯಬಹುದು. ಆಡದೇ ಇರೋ ಗೇಮನ್ನ ಆಡಿದ ಹಾಗೆ ಎಣಿಸೋದು ಯಾವ ನ್ಯಾಯ? ಪಾಸ್ಕಲ್ ಉತ್ತರ: ಇಬ್ಬರೂ ಹೇಗಿದ್ರೂ ನಾಲ್ಕೂ ಗೇಮ್ ಆಡೋಣ ಅಂತ ಒಪ್ಪಿಕೊಂಡರೆ ಗೆಲ್ಲುವವನು ಬದಲಾಗ್ತಾನಾ? ಇಲ್ಲ. ಹಾಗಾದ್ರೆ ಪಾಲೂ ಬದಲಾಗಲ್ಲ.

ನನಗೆ ತಲೆಗೆ ಹತ್ತಿದ್ದು ಇನ್ನೊಂದು ರೀತಿಯಲ್ಲಿ. ನನ್ನ ಪಟ್ಟಿಯ 10 ದಾರಿಗಳ ತೂಕ ಒಂದೇ ಅಲ್ಲ. ‘ರರ’ ಎರಡೇ ಗೇಮ್‌ನ ದಾರಿ, ಅದು ಆಗೋ ಸಾಧ್ಯತೆ ನಾಲ್ಕರಲ್ಲಿ ಒಂದು. ‘ರಪಪರ’ ನಾಲ್ಕು ಗೇಮ್‌ನ ದಾರಿ, 16ರಲ್ಲಿ ಒಂದು. ನಾನು ಎರಡಕ್ಕೂ ಒಂದೊಂದು ವೋಟು ಕೊಟ್ಟಿದ್ದೆ. ತೂಕ ಹಾಕಿ ಕೂಡಿ ನೋಡಿ: 1/4, ಆಮೇಲೆ ಎರಡು 1/8, ಆಮೇಲೆ ಮೂರು 1/16. ಸರಿಯಾಗಿ 11/16.

4/8

ಪಾಸ್ಕಲ್‌ನ ಸ್ವಂತ ದಾರಿ ಬೇರೆ, ನನಗೆ ಅದೇ ಹೆಚ್ಚು ಇಷ್ಟ. ಕೊನೆಯಿಂದ ಹಿಂದಕ್ಕೆ ಬರ್ತಾನೆ. ನಮ್ಮ 160ರಲ್ಲಿ ಮಾಡಿ ನೋಡೋಣ. 2-2 ಆಗಿದ್ರೆ ಇಬ್ಬರಿಗೂ 80. 2-1 ಆಗಿದ್ರೆ? ಮುಂದಿನ ಗೇಮ್ ಗೆದ್ರೆ 160, ಸೋತ್ರೆ 80 (ಯಾಕಂದ್ರೆ 2-2). ಎರಡರ ಮಧ್ಯ, 120. 2-0 ಆಗಿದ್ರೆ, ಗೆದ್ರೆ 160, ಸೋತ್ರೆ 120, ಅಂದ್ರೆ 140. 1-1ಕ್ಕೆ 80. ಈಗ ನಮ್ಮ 1-0: ಗೆದ್ರೆ 140ರ ಜಾಗಕ್ಕೆ ಹೋಗ್ತಾನೆ, ಸೋತ್ರೆ 80ರ ಜಾಗಕ್ಕೆ. ಮಧ್ಯ, 110. ಸೂತ್ರ ಒಂದೂ ಇಲ್ಲ, ಕೂಡಿ ಅರ್ಧ ಮಾಡೋದಷ್ಟೇ. ಎರಡು ಬೇರೆ ದಾರಿಯಲ್ಲಿ ಹೋಗಿ ಒಂದೇ ಉತ್ತರ ಸಿಕ್ಕಾಗ ಪಾಸ್ಕಲ್ ಎಷ್ಟು ಖುಷಿಪಟ್ಟ ಅಂದ್ರೆ, ಸತ್ಯ ಅನ್ನೋದು ಟೂಲೂಸ್‌ನಲ್ಲೂ ಪ್ಯಾರಿಸ್‌ನಲ್ಲೂ ಒಂದೇ ಅನ್ನೋ ಅರ್ಥದಲ್ಲಿ ಬರೆದ. ಪರೀಕ್ಷೆಯಲ್ಲಿ ಟೈಮ್ ಉಳಿದ್ರೆ ನಾನೀಗ ಇದನ್ನೇ ಮಾಡೋದು, ಬೇರೆ ದಾರಿಯಲ್ಲಿ ಇನ್ನೊಮ್ಮೆ.

ಇಷ್ಟೆಲ್ಲಾ ಬಲ್ಲ ಪಾಸ್ಕಲ್ ಕೂಡ ಅದೇ ಆಗಸ್ಟ್ ಪತ್ರದಲ್ಲಿ ಎಡವಿದ. ಮೂವರು ಆಟಗಾರರು, ಒಬ್ಬನಿಗೆ 1 ಗೆಲುವು ಬೇಕು, ಮಿಕ್ಕ ಇಬ್ಬರಿಗೆ ತಲಾ 2. ಹೆಚ್ಚೆಂದರೆ 3 ಗೇಮ್, ಒಟ್ಟು 27 ಸಾಲು. ಇಲ್ಲಿ ಎರಡನೆಯವನು ಎರಡು ಗೆದ್ದು ಮೊದಲನೆಯವನು ಒಂದು ಗೆದ್ದ ಸಾಲುಗಳಿವೆ, ಅಂದ್ರೆ ಇಬ್ಬರಿಗೂ ಬೇಕಾದಷ್ಟು ಸಿಕ್ಕಿದೆ! ಪಾಸ್ಕಲ್ ಅಂಥ ಸಾಲನ್ನ ಇಬ್ಬರಿಗೂ ಅರ್ಧರ್ಧ ಹಂಚಿದ. 16, ಐದೂವರೆ, ಐದೂವರೆ ಬಂತು. ಅವನ ಹಿಂದಿನ ದಾರಿಯ ಉತ್ತರಕ್ಕೆ ಇದು ಹೊಂದಲಿಲ್ಲ. ಫರ್ಮಾನ ವಿಧಾನ ಮೂವರಿಗೆ ನಡೆಯಲ್ಲ ಅಂದುಕೊಂಡ. ಸೆಪ್ಟೆಂಬರ್ 25ಕ್ಕೆ ಫರ್ಮಾ ಉತ್ತರ ಬರೆದ: ವಿಧಾನ ಸರಿಯಾಗೇ ಇದೆ, ಯಾರು ಮೊದಲು ಮುಟ್ಟಿದ್ರು ಅಂತ ನೋಡಬೇಕು ಅಷ್ಟೇ. ಹಾಗೆ ನೋಡಿದ್ರೆ 17, 5, 5.

ಇಬ್ಬರೇ ಆಡಿದಾಗ ಈ ತೊಡಕು ಯಾಕೆ ಬರಲಿಲ್ಲ? 4 ಗೇಮ್‌ನಲ್ಲಿ ಒಬ್ಬನಿಗೆ 2, ಇನ್ನೊಬ್ಬನಿಗೆ 3 ಒಟ್ಟಿಗೆ ಸಿಗೋಕೆ ಸಾಧ್ಯವೇ ಇಲ್ಲ, ಅದಕ್ಕೆ. ಒಂದು ಕಡೆ ನಡೆದ ಶಾರ್ಟ್‌ಕಟ್ ಇನ್ನೊಂದು ಕಡೆ ಯಾಕೆ ಕೈಕೊಡುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

5/8

ಈ ಫೋಟೋದ ಮೂರು ದಾಳ ನನ್ನ ತಂಗಿಯ ಹಾವು-ಏಣಿ ಡಬ್ಬಿಗಳಿಂದ ಕದ್ದದ್ದು.

ಈಗ ಪತ್ರಗಳಿಗಿಂತ ಹಿಂದಕ್ಕೆ, ಗೆಲಿಲಿಯೋ ಹತ್ರ. ಮೂರು ದಾಳ ಎಸೆದಾಗ ಮೊತ್ತ 9 ಬರೋಕೂ ಆರು ಬಗೆ, 10 ಬರೋಕೂ ಆರು ಬಗೆ. 9ಕ್ಕೆ: 126, 135, 144, 225, 234, 333. 10ಕ್ಕೆ: 136, 145, 226, 235, 244, 334. ಆರಕ್ಕೆ ಆರು, ಸಮ. ಆದ್ರೂ ಜೂಜಾಡಿ ಆಡಿ ಪಳಗಿದವರಿಗೆ 10 ಸ್ವಲ್ಪ ಜಾಸ್ತಿ ಬೀಳುತ್ತೆ ಅಂತ ಅನುಭವ. ಯಾಕೆ?

ಗೆಲಿಲಿಯೋ ಬಿಡಿಸಿ ತೋರಿಸಿದ. ದಾಳಗಳಿಗೆ ಬೇರೆ ಬೇರೆ ಬಣ್ಣ ಬಳಿದಿದೆ ಅಂದುಕೊಳ್ಳಿ. 126 ಅನ್ನೋದು 6 ರೀತಿ ಬೀಳಬಹುದು. 144 ಅನ್ನೋದು 3 ರೀತಿ. 333 ಒಂದೇ ರೀತಿ. ಕೂಡಿ: 9ಕ್ಕೆ 25, 10ಕ್ಕೆ 27. ಒಟ್ಟು 216ರಲ್ಲಿ ವ್ಯತ್ಯಾಸ ಬರೀ 2, ನೂರಕ್ಕೆ ಒಂದೂ ಇಲ್ಲ. ಆ ಜೂಜುಕೋರರು ಎಷ್ಟು ರಾತ್ರಿ ಆಡಿರಬೇಕು ಇದನ್ನ ಗಮನಿಸೋಕೆ! ನನಗೆ ಗೆಲಿಲಿಯೋಗಿಂತ ಅವರ ಮೇಲೇ ಬೆರಗು.

ಕ್ಯಾಲ್ಕ್ಯುಲಸ್ ಕಂಡುಹಿಡಿದ ಲೈಬ್ನಿಟ್ಸ್ ಇದೇ ಗುಂಡಿಗೆ ಬಿದ್ದ. ಎರಡು ದಾಳದಲ್ಲಿ 12 ಬರೋದು 6-6ರಿಂದ ಮಾತ್ರ, 11 ಬರೋದು 5-6ರಿಂದ ಮಾತ್ರ, ಹಾಗಾಗಿ ಎರಡೂ ಸಮ ಅಂದ. ಅಲ್ಲ. 5-6 ಎರಡು ರೀತಿ ಬೀಳುತ್ತೆ, 6-6 ಒಂದೇ ರೀತಿ. 11ಕ್ಕೆ 36ರಲ್ಲಿ 2, 12ಕ್ಕೆ 36ರಲ್ಲಿ 1. ಅಂದ್ರೆ ದುಪ್ಪಟ್ಟು.

6/8

ಕ್ಲಾಸ್ ಗ್ರೂಪ್‌ನಲ್ಲಿ ದಿನಾ ಬರೋ ಪ್ರಶ್ನೆ, “ಇದು ಕ್ರಮಯೋಜನೆನಾ, ವಿಕಲ್ಪನಾ?” ಇದಕ್ಕೆ ಉತ್ತರ ಹುಡುಕೋಕೆ ಯೂರೋಪಿಗೆ ಹೋಗಬೇಕಿಲ್ಲ. ಈ ಫೋಟೋ ಸೋಮನಾಥಪುರದ್ದು, ಕ್ಲಾಸ್ ಟ್ರಿಪ್‌ನಲ್ಲಿ ತೆಗೆದದ್ದು.

ಮೊದಲು ವಿಕಲ್ಪ. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರ ಆರಂಭದಲ್ಲಿ ಹೊಗಳಿರೋದು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನ, ಯಾರ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತೋ ಅವನನ್ನ. ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. nನಿಂದ r ಆಯ್ಕೆ ಮಾಡೋ ಲೆಕ್ಕಕ್ಕೆ ನಾವು ಇವತ್ತು ಬರೆಯೋ ಸೂತ್ರವನ್ನ ಅವನು ಸಾಮಾನ್ಯ ನಿಯಮವಾಗಿ ಹೇಳಿದ್ದಾನೆ: ಮೇಲಿನಿಂದ ಇಳಿಯುತ್ತಾ r ಸಂಖ್ಯೆ ಗುಣಿಸು, 1ರಿಂದ ಏರುತ್ತಾ r ಸಂಖ್ಯೆ ಗುಣಿಸಿ ಭಾಗಿಸು. ಅವನ ಉದಾಹರಣೆ ಷಡ್ರಸ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ. ಇವನ್ನ ಬೆರೆಸಿ ಎಷ್ಟು ರುಚಿ? ಒಂದೊಂದಾಗಿ 6, ಎರಡೆರಡಾಗಿ 15, ಆಮೇಲೆ 20, 15, 6, 1. ಒಟ್ಟು 63. ಯುಗಾದಿ ದಿನ ಬೇವು ಮೊದಲು ಹಾಕಿದ್ರೂ ಬೆಲ್ಲ ಮೊದಲು ಹಾಕಿದ್ರೂ ಬಾಯಿಗೆ ಬರೋದು ಬೇವು-ಬೆಲ್ಲವೇ. ಕ್ರಮಕ್ಕೆ ಬೆಲೆ ಇಲ್ಲ.

ಈಗ ಕ್ರಮಯೋಜನೆ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ಕೇಳ್ತಾನೆ, ಹರಿಯ ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮ ಬದಲಾಯಿಸಿ ಹಿಡಿಸಿದ್ರೆ ಎಷ್ಟು ರೂಪ? 4×3×2×1 = 24. ಶಂಭುವಿನ ಹತ್ತು ಕೈಗೆ ಹತ್ತು ವಸ್ತು ಆದ್ರೆ 36,28,800. ಹರಿಯ 24 ಬರೀ ಲೆಕ್ಕದ ಆಟ ಅಲ್ಲ. ಕೇಶವ, ನಾರಾಯಣ, ಮಾಧವ ಅಂತ ಸಂಧ್ಯಾವಂದನೆಯಲ್ಲಿ ಹೇಳೋ 24 ಹೆಸರು ಇವೆಯಲ್ಲ, ಶಿಲ್ಪದಲ್ಲಿ ಅವನ್ನ ಗುರುತಿಸೋದೇ ಯಾವ ಕೈಯಲ್ಲಿ ಏನಿದೆ ಅಂತ ನೋಡಿ. ಸೋಮನಾಥಪುರದ ಮೂರು ಗರ್ಭಗುಡಿಗಳಲ್ಲಿ ಎರಡು ಕೇಶವನಿಗೂ ಜನಾರ್ದನನಿಗೂ ಸೇರಿದವು, ಇಬ್ಬರೂ ಆ 24ರ ಪಟ್ಟಿಯವರು. ವಸ್ತು ಅವೇ ನಾಲ್ಕು, ಕೈ ಬದಲಾದ್ರೆ ದೇವರ ಹೆಸರೇ ಬದಲು. ಅಂದ ಮೇಲೆ ಕ್ರಮಕ್ಕೆ ಬೆಲೆ ಇದೆ.

ಹಾಗಾಗಿ ಪ್ರಶ್ನೆ ಓದಿದ ತಕ್ಷಣ ನಾನು ಕೇಳಿಕೊಳ್ಳೋದು, ಇದು ಬೇವು-ಬೆಲ್ಲವಾ, ಹರಿಯ ಕೈಯಾ? ಎರಡನ್ನ ಅದಲುಬದಲು ಮಾಡಿ ನೋಡಿ. ಬೇರೆ ಹೆಸರು ಬಂತಾ, ಅದೇ ರುಚಿ ಬಂತಾ?

ಆದ್ರೆ ಒಂದು ಮಾತು. ಮಹಾವೀರ ಎಣಿಸಿದ್ದು “ಎಷ್ಟು ಬಗೆ” ಅಂತ, “ಯಾವುದು ಎಷ್ಟು ಸಲ ಬೀಳುತ್ತೆ” ಅಂತ ಅಲ್ಲ. ಸಂಭವನೀಯತೆಗೆ ಬಂದ್ರೆ ಇನ್ನೊಂದು ಮೆಟ್ಟಿಲು ಇದೆ. 52 ಇಸ್ಪೀಟ್ ಎಲೆಯಲ್ಲಿ ಎರಡು ತೆಗೆದ್ರೆ ಎರಡೂ ಎಕ್ಕ ಬರೋ ಸಾಧ್ಯತೆ ಕ್ರಮ ಹಿಡಿದು ಮಾಡಿದ್ರೆ 12/2652, ಕ್ರಮ ಬಿಟ್ಟು ಮಾಡಿದ್ರೆ 6/1326. ಎರಡೂ 1/221. ಮೇಲೂ ಕೆಳಗೂ ಒಂದೇ ರೀತಿ ಎಣಿಸಿದ್ರೆ ಸಾಕು. ಹಾಗಾದ್ರೆ ದಾಳದಲ್ಲಿ ಕ್ರಮ ಬಿಟ್ಟ ಲೈಬ್ನಿಟ್ಸ್‌ಗೆ ಯಾಕೆ ಕೈಕೊಟ್ಟಿತು? ಎಲೆಗಳಲ್ಲಿ ಪ್ರತಿ ಜೋಡಿಗೂ ಸರಿಯಾಗಿ ಎರಡು ಕ್ರಮ, ಯಾಕಂದ್ರೆ ಒಂದೇ ಎಲೆ ಎರಡು ಸಲ ಬರಲ್ಲ. ದಾಳದಲ್ಲಿ 6-6 ಬರುತ್ತೆ, ಅದಕ್ಕೆ ಒಂದೇ ಕ್ರಮ. ತೂಕ ಏರುಪೇರಾಗೋದು ಅಲ್ಲೇ. ಇದನ್ನ ನನಗೆ ಯಾರೂ ಹೇಳಿರಲಿಲ್ಲ, ಕೇರಂ ಜಗಳದ ಮರುದಿನ ಕೂತು ಕಂಡುಕೊಂಡೆ.

7/8

ಇದು ಚಿಕ್ಕದು. ಪಾಸ್ಕಲ್‌ಗೆ ಪ್ರಶ್ನೆ ತಂದವನು ಶೆವಾಲಿಯೆ ದ ಮೆರೆ. ಒಂದು ದಾಳವನ್ನ 4 ಸಲ ಎಸೆದ್ರೆ ಒಂದು 6 ಆದ್ರೂ ಬರುತ್ತೆ ಅನ್ನೋ ಪಣ ಲಾಭದ್ದು. ಹಾಗಾದ್ರೆ ಎರಡು ದಾಳವನ್ನ 24 ಸಲ ಎಸೆದ್ರೆ ಒಂದು 6-6 ಆದ್ರೂ ಬರಬೇಕಲ್ಲ? 6ಕ್ಕೆ 4 ಹೇಗೋ 36ಕ್ಕೆ 24 ಹಾಗೇ. ಆದ್ರೆ ಆ ಪಣ ನಷ್ಟದ್ದು. ಅಂಕಗಣಿತವೇ ತನ್ನ ಮಾತಿಗೆ ತಾನೇ ತಪ್ಪುತ್ತೆ ಅಂತ ಮೆರೆ ದೂರಿದನಂತೆ. ಪಾಪ ಅಂಕಗಣಿತ!

ತಪ್ಪಿದ್ದು ತ್ರೈರಾಶಿ ಹಾಕಿದ್ದು. “ಕನಿಷ್ಠ ಒಂದು” ಅಂತ ಕಂಡ್ರೆ ಬರೋದನ್ನ ಎಣಿಸಬೇಡಿ, ಬರದೇ ಇರೋದನ್ನ ಎಣಿಸಿ ಕಳೆಯಿರಿ. ನಾಲ್ಕು ಸಲವೂ 6 ಬರದೇ ಇರೋದು 5×5×5×5 = 625, ಒಟ್ಟು 1296. ಬರೋದು 671, ಅರ್ಧಕ್ಕಿಂತ ತುಸು ಹೆಚ್ಚು. ಎರಡನೆಯದು 35/36ನ್ನ 24 ಸಲ ಗುಣಿಸಿ 1ರಿಂದ ಕಳೆದ್ರೆ 0.4914, ಅರ್ಧಕ್ಕಿಂತ ತುಸು ಕಡಿಮೆ. 25 ಸಲ ಎಸೆದಿದ್ರೆ 0.5055. ಒಂದೇ ಒಂದು ಎಸೆತದ ಅಂತರ.

8/8

ನನ್ನ ತಪ್ಪಿನ ಕೊನೆಯ ಜೊತೆಗಾರ. ಪಾಸ್ಕಲ್-ಫರ್ಮಾ ಪತ್ರಗಳಾಗಿ ಸರಿಯಾಗಿ 100 ವರ್ಷ, 1754. ಫ್ರೆಂಚರ ಮಹಾ ವಿಶ್ವಕೋಶದ 4ನೇ ಸಂಪುಟ. ನಾಣ್ಯ ಚಿಮ್ಮುವ ಆಟದ ಬಗ್ಗೆ ಲೇಖನ ಬರೆದವನು ದಲಾಂಬೇರ್, ಆ ಕಾಲದ ಅತಿ ದೊಡ್ಡ ಗಣಿತಜ್ಞರಲ್ಲಿ ಒಬ್ಬ. ಪ್ರಶ್ನೆ: ಎರಡು ಚಿಮ್ಮಿಗೆಯಲ್ಲಿ ಒಂದು ಹೆಡ್ ಆದ್ರೂ ಬರೋ ಸಾಧ್ಯತೆ? ನಾವೆಲ್ಲ 3/4 ಅಂತೀವಿ. ಅವನ ವಾದ ಬೇರೆ. ಮೊದಲ ಸಲವೇ ಹೆಡ್ ಬಂದ್ರೆ ಆಟ ಮುಗೀತು, ಎರಡನೇ ಸಲ ಯಾಕೆ ಚಿಮ್ಮಬೇಕು? ಹಾಗಾಗಿ ಇರೋದು ಮೂರೇ ದಾರಿ: ಹೆಡ್, ಟೇಲ್-ಹೆಡ್, ಟೇಲ್-ಟೇಲ್. ಉತ್ತರ 2/3.

ಟಾರ್ಚ್ ಬೆಳಕಲ್ಲಿ ನಾನು ಮಾಡಿದ್ದೂ ಅಕ್ಷರಶಃ ಇದೇ. ಆಟ ನಿಂತ ಕಡೆ ಎಣಿಕೆ ನಿಲ್ಲಿಸಿ, ಗಿಡ್ಡ ದಾರಿಗೂ ಉದ್ದ ದಾರಿಗೂ ಒಂದೇ ವೋಟು.

ಇಷ್ಟನ್ನೂ ಬರೆದುಕೊಂಡು, ಪಕ್ಕದ ರೂಮಿನವನು ಊರಿಂದ ಬಂದ ಮೇಲೆ ಹೋಗಿ ವಿವರಿಸಿದೆ. ನಿನಗೆ ಬರಬೇಕಿದ್ದದ್ದು 50, ನಾನು ಕೊಟ್ಟಿದ್ದು 64, ಆ 14 ವಾಪಸ್ ಕೊಡು. ಅವನು ಎಲ್ಲವನ್ನೂ ಸಮಾಧಾನವಾಗಿ ಕೇಳಿದ. 16 ಸಾಲನ್ನೂ ಒಪ್ಪಿದ. ಆಮೇಲೆ ಕೇಳಿದ, “ಸಮಬಲರು ಅಂತ ನಿನಗೆ ಯಾರು ಹೇಳಿದ್ದು? ಅವನ ಜೊತೆ ಆಡಿದ ಮೂರರಲ್ಲಿ ಎರಡು ನಾನೇ ಗೆಲ್ಲೋದು.”

ರೂಮಿಗೆ ಬಂದು ಹಾಗೇ ಹಾಕಿ ನೋಡಿದೆ. ಪ್ರತಿ ಗೇಮ್ ರೂಮ್‌ಮೇಟ್ ಗೆಲ್ಲೋ ಸಾಧ್ಯತೆ 1/3 ಆದ್ರೆ ಅವನ ಪಾಲು 11/16 ಅಲ್ಲ, 11/27. 160ರಲ್ಲಿ ಸುಮಾರು 65 ರೂಪಾಯಿ. ಅಂದ್ರೆ ಪಕ್ಕದವನಿಗೆ ಸುಮಾರು 95 ಬರಬೇಕಿತ್ತು, ನಾನು ಕೊಟ್ಟಿದ್ದಕ್ಕಿಂತ 31 ಜಾಸ್ತಿ. ಅವನು ಈಗ ಅದನ್ನ ಕೇಳ್ತಿದ್ದಾನೆ.

ಮೂರರಲ್ಲಿ ಎರಡು ಅನ್ನೋದು ನಿಜವಾ, ಬಾಯಿಮಾತಾ? ಎಷ್ಟು ಗೇಮ್ ನೋಡಿದ್ರೆ ಅದನ್ನ ನಂಬಬಹುದು? ಯಾಕಬ್ ಬರ್ನೂಲಿ ತಲೆಕೆಡಿಸಿಕೊಂಡಿದ್ದೂ ಇಂಥದ್ದೇ ಪ್ರಶ್ನೆಗೆ, ಅವನ ಪುಸ್ತಕ ಬಂದಿದ್ದು ಅವನು ಸತ್ತ 8 ವರ್ಷದ ಮೇಲೆ, 1713ರಲ್ಲಿ. ಅದು ಮುಂದಿನ ಸರಣಿಗೆ. ಸದ್ಯಕ್ಕೆ ಬೋರ್ಡಿನ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ ಹಳೇ ಸ್ಕೋರುಗಳನ್ನ ನಾನೂ ರೂಮ್‌ಮೇಟೂ ಕೂತು ಎಣಿಸ್ತಾ ಇದ್ದೀವಿ. ಕೊನೆಯ ಫೋಟೋ ಅದೇ. ಅರ್ಧ ಅಳಿಸಿಹೋಗಿದೆ, ಯಾರಿಗಾದ್ರೂ ಓದೋಕೆ ಬಂದ್ರೆ ಹೇಳಿ.